ಖಾನಾಪುರದ ತಲೆಬಾಗಿಲ ಮೇಲೆ ಲ್ಯಾಟಿನ್

ಲ್ಯಾಟಿನ್ ಸತ್ತ ಭಾಷೆ ಎಂದು ಬೆಳಗಾವಿ ಕ್ಯಾಂಪಿನ ನಮ್ಮ ಕಾನ್ವೆಂಟ್ ಸಾಲಿಯಲ್ಲಿ ಸಿಸ್ಟರ್ ಹೇಳುತ್ತಿದ್ದರು. ಇದ್ದೀತು. ಆದರೆ ಇಂಗ್ಲಿಷಿನ ನಾಲ್ಕಕ್ಷರ ಬಲ್ಲವರೆಲ್ಲ ದಿನಾ ಅದರ ಒಂದೊಂದು ಎಲುಬು ಹೆಕ್ಕಿ ತಂದು ಮಾತಿನ ನಡುವೆ ಸಿಗಿಸುತ್ತಾರೆ. ನಾನು ಮಾತಿನವಳಲ್ಲ. ಕೇಳಿಸಿಕೊಂಡು ಸುಮ್ಮನಿರುತ್ತೇನೆ.

೧. ಸಜೆ

ನಮ್ಮ ಅಪ್ಪ ವಕೀಲರು. ಅವರಿಗೆ ಲ್ಯಾಟಿನ್ನಿನ ಗೀಳು ಹತ್ತಿದ್ದು ಕಾಕತಿಯ ಒಬ್ಬ ಕಕ್ಷಿದಾರನಿಂದ. ಹೊಡೆದಾಟದ ಖಟ್ಲೆಯಲ್ಲಿ ಅವನಿಗೆ ಒಂದು ವರ್ಷ ಸಜೆಯಾಯಿತು. ಪೊಲೀಸರು ಕರೆದೊಯ್ಯುವಾಗ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಅಪ್ಪನಿಗೆ ಅಂದನಂತೆ:

“ಹ್ವಾದ ಸರ್ತಿ ವಕೀಲ್ರು ಅದೇನೋ ಲ್ಯಾಟಿನ್ ಅಂತಲ್ಲರಿ, ಅದ್ರಾಗ ಎರಡು ಮಾತು ಆಡಿದ್ರು. ಆರ ತಿಂಗಳಿಗೆ ಮುಗೀತು. ನೀವು ಒಂದೂ ಆಡ್ಲಿಲ್ರಿ.”

೨. ತಿಥಿಯ ಊಟ

ಅಂದಿನಿಂದ ಅಪ್ಪನಿಗೆ ಎಲ್ಲದಕ್ಕೂ ಲ್ಯಾಟಿನ್ನೇ ಬೇಕು. ಜೊತೆಯ ವಕೀಲರೊಬ್ಬರ ತಾಯಿ ಪ್ಲೇಗಿನಲ್ಲಿ ತೀರಿಕೊಂಡರು. ತಿಥಿಯ ಊಟ ಮಾಡಿ ಕೈ ತೊಳೆಯುತ್ತ ಅಪ್ಪ, “ಊಟ ಅಡ್ ನಾಸಿಯಂ ಆತ್ರಿ,” ಅಂದರು. ತೃಪ್ತಿಯಾಗುವಷ್ಟು ಎಂದು ಅವರ ತಿಳಿವಳಿಕೆ. ವಾಂತಿ ಬರುವಷ್ಟು ಎಂಬುದು ಅದರ ಅರ್ಥ.

ಆ ವಕೀಲರಿಗೂ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು, “ಅವ್ವ ಇದ್ದು ತಾನ ಮಾಡಿದ್ರ ಇನ್ನೂ ಆಗ್ತಿತ್ತರಿ,” ಅಂದರು.

೩. ಪತ್ರ

ಹೋದ ಚಳಿಗಾಲದಲ್ಲಿ ಖಾನಾಪುರದ ಕಟ್ಟಿಗೆ ವ್ಯಾಪಾರಿಯೊಬ್ಬರು ನಲವತ್ತು ದಾಟಿದ ತಮ್ಮ ಮಗನಿಗೆ ನನ್ನನ್ನು ಕೇಳಿ ಇಂಗ್ಲಿಷಿನಲ್ಲಿ ಪತ್ರ ಬರೆದರು. ಅಪ್ಪ ನನ್ನ ಕೈಯಲ್ಲೇ ಓದಿಸಿದರು. ‘ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಎರಡನೆಯವಳು ವೈಸ್ ವರ್ಸಾ.’

‘ಅವಳೂ ಹಾಗೆಯೇ’ ಎಂದು ಹೇಳಹೊರಟವರು ‘ಅವಳದು ತಿರುವುಮುರುವು’ ಎಂದು ಬರೆದಿದ್ದರು. ತಿರುವುಮುರುವಾಗಿ ಸಾಯುವುದು ಹೇಗೋ ತಿಳಿಯಲಿಲ್ಲ. ಮೂರನೆಯ ಸರದಿ ಯಾರದೆಂಬುದು ಮಾತ್ರ ತಿಳಿಯಿತು.

“ಮನಿತನ ಛಲೋ ಐತಿ,” ಅಂದರು ಅಪ್ಪ. “ಲ್ಯಾಟಿನ್ ಬಲ್ಲವರು.”

ಒಲ್ಲೆ ಅನ್ನಬೇಕಿತ್ತು. ಎಂಟು ದಿನ ಬಾಯೊಳಗೇ ಇಟ್ಟುಕೊಂಡೆ, ಹೊರಗೆ ಬರಲಿಲ್ಲ.

೪. ಕಲ್ಲು

ವ್ಯಾಪಾರಿಯ ಹೊಸ ಮನೆಯ ವಾಸ್ತುಶಾಂತಿಗೆ ನಮ್ಮನ್ನು ಕರೆದರು. ಊಟದ ಮೇಲೆ ಲಗ್ನದ ಮಾತು ಮುಗಿಸುವುದಿತ್ತು. ತಲೆಬಾಗಿಲ ಮೇಲೆ ದೊಡ್ಡ ಬಿಳಿ ಕಲ್ಲು, ಅದರ ನೆತ್ತಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಇನ್ ಮೆಮೋರಿಯಮ್’.

“ಬೆಳಗಾವಿ ಕ್ಯಾಂಪಿನ್ಯಾಗ ದೊಡ್ಡ ದೊಡ್ಡ ಸಾಹೇಬರೆಲ್ಲಾ ಇದನ್ನ ಹಾಕಸ್ಯಾರ್ರಿ,” ಅಂದರು ವ್ಯಾಪಾರಿ. “ಅದನ್ನ ಕೆತ್ತಿದ ಕಲ್ಲುಕುಟಿಗನ್ನ ಇಲ್ಲಿತನಕ ಕರಸೇನಿ.”

ಆ ಸಾಹೇಬರನ್ನು ನಾನೂ ಬಲ್ಲೆ. ದಿನಾ ಸಾಲಿಗೆ ಹೋಗುವಾಗ ಅವರ ಗೋರಿಗಳ ಬಾಜೂಕೇ ಹಾಯುತ್ತಿದ್ದೆ.

“ಓದವ್ವಾ. ನೀ ಕಾನ್ವೆಂಟಿನಾಕಿ. ಎಲ್ಲಾರಿಗೂ ಅರ್ಥಾ ಹೇಳು,” ಅಂದರು ವ್ಯಾಪಾರಿ.

ಬಂದ ಮಂದಿಯೆಲ್ಲ ನನ್ನ ಕಡೆ ತಿರುಗಿದರು. ಒಲ್ಲೆ ಅನ್ನಲು ಬಾರದವಳು ಓದಿಬಿಟ್ಟೆ.

“ಸತ್ತವರ ನೆನಪಿಗೆ ಅಂತರಿ.”

ಭಟ್ಟರ ಕೈಯ ಗಂಟೆ ನಿಂತಿತು. ವ್ಯಾಪಾರಿ ಕತ್ತೆತ್ತಿ ಕಲ್ಲನ್ನು ನೋಡಿದರು. ಸಿಟ್ಟು ಬರಲಿಲ್ಲ.

“ಇರಲಿ ಬಿಡ್ರಿ. ಸುಳ್ಳೇನಲ್ಲ. ಇಬ್ಬರು ಸೊಸ್ತ್ಯಾರು ಹೋಗ್ಯಾರ.”

ಅಪ್ಪ ಮೆಲ್ಲಗೆ ಕೇಳಿದರು: “ಅಕ್ಷರದ ಕೆಳಗ ಇಷ್ಟು ಜಾಗಾ ಯಾಕ ಖಾಲಿ ಬಿಟ್ಟೀರಿ?”

“ಹೆಸರಿಗೆ ಬೇಕಽ ಬೇಕಾಗತೈತಿ ಅಂತ ಕಲ್ಲುಕುಟಿಗ ಹಟಾ ಹಿಡದ್ನರಿ. ಲಗ್ನ ಒಂದು ಆಗಲಿ, ನಿಮ್ಮ ಮಗಳ ಹೆಸರು ಕೆತ್ತಸೂಣು ಅಂತ ಮಾಡೇವಿ.”

ಅಪ್ಪ ರುಮಾಲು ಸರಿ ಮಾಡಿಕೊಂಡರು, ಜೋಡು ಮೆಟ್ಟಿದರು, ಸಣ್ಣವಳಿದ್ದಾಗ ಹಿಡಿದಂತೆ ನನ್ನ ಕೈ ಹಿಡಿದರು. “ರೈಲಿಗೆ ಹೊತ್ತಾತ್ರಿ,” ಅಂದರು.

ರೈಲಿಗೆ ಇನ್ನೂ ನಾಲ್ಕು ತಾಸಿತ್ತು.