ಬೀಗರ ಊರಿನಲ್ಲೊಂದು ಕಾಡುವಾಸ

ದುಡ್ಡು ಕೊಟ್ಟು ಕಷ್ಟಪಡುವುದಕ್ಕೆ ಪ್ರವಾಸ ಎಂದು ಹೆಸರಿಟ್ಟವನು ಯಾರೋ ಗೊತ್ತಿಲ್ಲ, ಸಿಕ್ಕರೆ ಅವನನ್ನು ಎರಡು ಮಾತು ಕೇಳುವುದಿದೆ. ನಾನು ಜಾನುವಾರು ಪರೀಕ್ಷಕನಾಗಿದ್ದು ನಿವೃತ್ತನಾದವನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಕೊಟ್ಟಿಗೆಗಳನ್ನು ಮೂವತ್ತು ಚಿಲ್ಲರೆ ವರ್ಷ ಸುತ್ತಿದ್ದೇನೆ. ಜನ ನನ್ನನ್ನು ದನದ ಡಾಕ್ಟರು ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ತಿದ್ದುವ ಪ್ರಾಮಾಣಿಕತೆ ನೌಕರಿಯ ಮೊದಲ ವರ್ಷದಲ್ಲೇ ಹೊರಟುಹೋಯಿತು. ಇಷ್ಟೊಂದು ಸುತ್ತಿದವನಿಗೆ ನಿವೃತ್ತಿಯಾದ ಮೇಲೆ ಬೇಕಾದದ್ದು ಪಾಂಡವಪುರದ ಮನೆಯ ಜಗಲಿ, ಒಂದು ಕುರ್ಚಿ, ಒಂದು ಪೇಪರು. ಆದರೆ ನನ್ನ ಹೆಂಡತಿ ಸುನಂದಳ ಲೆಕ್ಕಾಚಾರವೇ ಬೇರೆ. "ನಿಮ್ಮ ಜೊತೆ ನಾನು ನೋಡಿರೋದೆಲ್ಲ ಕಾಯಿಲೆ ಬಿದ್ದ ದನ ಇರೋ ಊರುಗಳೇ ಕಣ್ರೀ. ಇಲ್ಲೇ ಇರೋ ತೊಣ್ಣೂರು ಕೆರೆ ತೋರಿಸ್ತೀನಿ ಅಂತ ಕರ್ಕಂಡೋಗಿ, ದಾರೀಲಿ ಯಾರದೋ ಎಮ್ಮೆಗೆ ಸೂಜಿ ಹಾಕಕ್ಕೆ ನಿಂತ್ಕಂಡ್ರಿ. ಅವತ್ತು ನಾನು ನೋಡಿದ್ದು ಎಮ್ಮೆ ಬಾಲ," ಎಂದಳು. ಇದು ಸುಳ್ಳಲ್ಲ. ಆ ಎಮ್ಮೆ ಬದುಕಿತು ಎಂಬುದನ್ನು ಮಾತ್ರ ಅವಳು ಯಾವತ್ತೂ ಹೇಳುವುದಿಲ್ಲ.

ಹೀಗಿರುವಾಗ ಅವಳ ಫೋನಿಗೆ ಒಂದು ಜಾಹೀರಾತು ಬಂತು. ಮಾರ್ಗದರ್ಶಿಯ ಜೊತೆ ನೀರಿನಲ್ಲಿ ಕ್ರೂಸು, ನೆಲದ ಮೇಲೆ ಪ್ರವಾಸ, ಆಮೇಲೆ ಎರಡು ರಾತ್ರಿ 'ವೈಲ್ಡರ್ನೆಸ್ ಲಾಡ್ಜಿ'ನಲ್ಲಿ ವಾಸ. ಲಾಡ್ಜು ಎಲ್ಲಿದೆ ಎಂಬುದು ಗುಟ್ಟಂತೆ, ಅಲ್ಲಿಗೆ ಹೋದ ಮೇಲೇ ತಿಳಿಯುವುದಂತೆ. ದನವನ್ನು ಲಾರಿಗೆ ಹತ್ತಿಸುವಾಗಲೂ ಎಲ್ಲಿಗೆ ಎಂದು ಹೇಳುವುದಿಲ್ಲ, ಆದರೆ ದನ ಅದಕ್ಕೆ ಮುಂಗಡ ಕೊಟ್ಟಿರುವುದಿಲ್ಲ ಎಂದೆ. ಅವಳು ಅಷ್ಟರಲ್ಲಿ ಮುಂಗಡ ಕೊಟ್ಟಾಗಿತ್ತು.

ಶ್ರೀರಂಗಪಟ್ಟಣದಲ್ಲಿ ಬೆಳಿಗ್ಗೆ ಹನ್ನೆರಡು ಜನ ಸೇರಿದೆವು. ನಮ್ಮನ್ನು ಬಿಟ್ಟರೆ ಉಳಿದವರೆಲ್ಲ ಬೆಂಗಳೂರಿನವರು. ಮಾರ್ಗದರ್ಶಿಯ ಹೆಸರು ಪ್ರೀತಮ್. ಮೈತುಂಬ ಜೇಬಿರುವ ಅಂಗಿ ತೊಟ್ಟಿದ್ದ, ಯಾವ ಜೇಬಿನಲ್ಲೂ ಏನೂ ಇದ್ದಂತೆ ಕಾಣಲಿಲ್ಲ. ಕ್ರೂಸು ಎಂದರೆ ಹಿನ್ನೀರಿನಲ್ಲಿ ಎಂಜಿನ್ ದೋಣಿ, ಮೇಲೊಂದು ಶಾಮಿಯಾನ, ಕೆಳಗೆ ಪ್ಲಾಸ್ಟಿಕ್ ಕುರ್ಚಿ. ಪ್ರೀತಮ್ ಹಕ್ಕಿ ತೋರಿಸಿದ ಕಡೆಯೆಲ್ಲ ನನಗೆ ಕಂಡದ್ದು ದಡದಲ್ಲಿ ಮೇಯುತ್ತಿದ್ದ ಒಂದು ಕುಂಟೆಮ್ಮೆ. ಬಲಗಾಲಿನ ಗೊರಸು ಕೊಳೆತಿತ್ತು, ಸಂಶಯವೇ ಇಲ್ಲ. "ಅದನ್ನ ನೋಡಬ್ಯಾಡಿ, ಹಕ್ಕಿ ನೋಡಿ," ಎಂದು ಸುನಂದ ತೊಡೆ ಚಿವುಟಿದಳು. ಆಮೇಲೆ ವ್ಯಾನು ಹತ್ತಿಸಿದರು. ಅದು ನಾಗಮಂಗಲಕ್ಕೆ ಹೋಯಿತು, ಅಲ್ಲಿ ಊಟ. ಅಲ್ಲಿಂದ ಎತ್ತೆತ್ತಲೋ ತಿರುಗಿತು. ಹೊಟ್ಟೆ ತುಂಬಿದ್ದರಿಂದ ನಾನು ನಿದ್ದೆ ಹೋದೆ. ನಾಲ್ಕು ತಾಲ್ಲೂಕಿನ ಒಂದೊಂದು ತಿರುವೂ ನನಗೆ ಬಾಯಿಪಾಠ. ಒಂದು ಗಳಿಗೆ ಎಚ್ಚರವಾಗಿದ್ದಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಎಚ್ಚರವಾದಾಗ ಇಳಿಬಿಸಿಲು. ಲಾಡ್ಜಿನವರು ಎಳನೀರು ಕೊಟ್ಟು, ಕೈಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ತೊಡಿಸಿದರು. ಅದರ ಮೇಲೆ ಲಾಡ್ಜಿನ ಹೆಸರು, ಕಾಟೇಜಿನ ನಂಬರು. ಒಮ್ಮೆ ಹಾಕಿದರೆ ಕತ್ತರಿಸಿಯೇ ತೆಗೆಯಬೇಕು. ಸಾವಿರಾರು ದನಗಳ ಕಿವಿಗೆ ನಂಬರಿನ ಓಲೆ ಹೊಡೆದ ನನಗೆ ಈ ಮರ್ಯಾದೆ ಸಲ್ಲಬೇಕಾದದ್ದೇ. ಕಾಟೇಜು ಎಂದರೆ ಮಣ್ಣಿನ ಗೋಡೆ, ಹಗ್ಗದ ಮಂಚ, ಫ್ಯಾನಿಲ್ಲ, ಬಚ್ಚಲಿಗೆ ಸೂರಿಲ್ಲ. ಇಂಥದೇ ಮನೆಯನ್ನು ನಾಚಿಕೆಯಾಗುತ್ತದೆ ಎಂದು ಕೆಡವಿ ನಮ್ಮಪ್ಪ ಸಿಮೆಂಟು ಹಾಕಿಸಿದ್ದರು. ಈಗ ಅದಕ್ಕೇ ವಾಪಸ್ ಬಂದಿದ್ದೇನೆ, ಅದೂ ಬಾಡಿಗೆಗೆ. ಸಿಟ್ಟು ತಡೆಯಲಾರದೆ ಹೊರಗಿನ ಜಗಲಿಗೆ ಬಂದೆ. ಎದುರಿಗೆ ಒಂದು ಕೆರೆ. ಕೆರೆಯ ಏರಿ. ಏರಿಯ ಆಚೆ ತುದಿಯಲ್ಲಿ ಒಂದು ತಾರಸಿ ಮನೆ, ಅದರ ಮೇಲೆ ಹಸಿರು ನೀರಿನ ಟ್ಯಾಂಕು, ಪಕ್ಕದಲ್ಲಿ ಉದ್ದನೆಯ ಶೀಟಿನ ಕೊಟ್ಟಿಗೆ. ಶೀಟನ್ನು ಎರಡು ಅಡಿ ಮೇಲಕ್ಕೆತ್ತಿ, ಗಾಳಿ ಆಡಲಿ ಎಂದು ಹೇಳಿ ಆ ಕೊಟ್ಟಿಗೆ ಕಟ್ಟಿಸಿದವನು ನಾನೇ. ಅದು ನಮ್ಮ ಬೀಗರ ಮನೆ. ಮಗಳನ್ನು ಕೊಟ್ಟ ಮನೆ. ಹೋದ ಸಲ ಬಂದಾಗ ಕೆರೆಯ ಈಚೆ ದಡದಲ್ಲಿ ಕುರುಚಲು ಬಿಟ್ಟರೆ ಏನೂ ಇರಲಿಲ್ಲ. ಕಿಕ್ಕೇರಿಯಿಂದ ಒಂದಷ್ಟು ದೂರದ ಆ ಊರಿಗೆ ಪಾಂಡವಪುರದಿಂದ ನೇರವಾಗಿ ಬಂದರೆ ಒಂದು ಗಂಟೆ. ನಾವು ಬೆಳಗಿನಿಂದ ಸಂಜೆಯವರೆಗೆ ನೀರು ನೆಲ ಎರಡರ ಮೇಲೂ ಸುತ್ತಿ ಅಲ್ಲಿಗೇ ಬಂದಿದ್ದೆವು.

ಇದರಲ್ಲೇನು ತಪ್ಪು ಎಂದು ಬೇರೆ ಸೀಮೆಯವರು ಕೇಳಬಹುದು. ನಮ್ಮ ಕಡೆ ಬೀಗರ ಊರಿಗೆ ಬಂದು ಬೀಗರ ಮನೆಯಲ್ಲಿ ಉಳಿಯದೆ ಬೇರೆ ಕಡೆ ಮಲಗುವುದೆಂದರೆ, ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಅವರನ್ನು ಬೈದದ್ದಕ್ಕಿಂತ ಹೆಚ್ಚು. ನನ್ನ ಸೋದರಮಾವ ಒಬ್ಬರು ಬೀಗರ ಮನೆಗೆ ಹೋಗುವ ಮುಂಚೆ ಹಸಿವು ತಾಳದೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದಿದ್ದರು. ಅಂಗಿಯ ಮೇಲೆ ಒಂದು ತೊಟ್ಟು ಸಾಂಬಾರು ಬಿದ್ದಿದ್ದನ್ನು ಬೀಗಿತ್ತಿ ನೋಡಿಬಿಟ್ಟರು. ಆ ಎರಡು ಇಡ್ಲಿಯ ಮಾತನ್ನು ಅವರ ಮಗಳು ಏಳು ವರ್ಷ ಕೇಳಿದಳು. ಹಾಗಿರುವಾಗ ಎರಡು ರಾತ್ರಿಯ ಲಾಡ್ಜಿಗೆ ನಮ್ಮ ಮಗಳು ರಶ್ಮಿ ಎಷ್ಟು ವರ್ಷ ಕೇಳಬೇಕಾದೀತು! ಅವಳೂ ಅಳಿಯನೂ ಮಂಡ್ಯದಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಬೀಗರು ಕರಿಯಪ್ಪನವರು ಸಾಧು. ಬೀಗಿತ್ತಿ ಜಯಮ್ಮನವರೂ ಜಗಳದವರಲ್ಲ. ಅದೇ ತೊಂದರೆ. ಜಗಳವಾಡುವವರಾದರೆ ಒಂದು ದಿನಕ್ಕೆ ಮುಗಿಯುತ್ತದೆ.

"ಈಗಲೇ ಬ್ಯಾಗು ತಗಂಡು ಅವರ ಮನೆಗೆ ಹೋಗೋಣ," ಎಂದೆ. "ಎಲ್ಲಿಂದ ಬಂದ್ರಿ ಅಂತ ಕೇಳಿದ್ರೆ ಏನಂತೀರಿ? ಹಡಗಿಂದ ಇಳಿದು ಬಂದೋ ಅಂತೀರಾ?" ಎಂದಳು ಸುನಂದ. ಕೊನೆಗೆ ಅವಳೇ ತೀರ್ಮಾನ ಮಾಡಿದಳು, "ಎರಡು ದಿನ ಮುಖ ಮುಚ್ಕಂಡು ಇದ್ಬುಡಾನ. ಯಾರಿಗ್ ಗೊತ್ತಾಯ್ತದೆ?"

ನಾಲ್ಕು ತಾಲ್ಲೂಕಿನ ದನಗಳಿಗೂ ಪರಿಚಯವಿರುವ ಮುಖ ನನ್ನದು. ಅದನ್ನು ಮುಚ್ಚುವುದೆಲ್ಲಿ? ಲಾಡ್ಜಿನವರು ಕೊಟ್ಟ ಖಾಕಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡೆ. ಆ ಸಂಜೆ ಜೀಪಿನಲ್ಲಿ ಸಫಾರಿ ಎಂದು ಊರಿನ ಹಿಂದಿನ ಗೋಮಾಳಕ್ಕೆ ಕರೆದೊಯ್ದರು. ಉಳಿದವರು ಎದ್ದು ನಿಂತು ನವಿಲು ನೋಡುತ್ತಿದ್ದರೆ ನಾನು ಸೀಟಿನ ಕೆಳಗೆ ಬಗ್ಗಿ, ಬೀಳದ ಕನ್ನಡಕವನ್ನು ಹುಡುಕುತ್ತಿದ್ದೆ. ವಾಪಸ್ ಬಂದ ಮೇಲೆ ಕಾಫಿ ಮಾತ್ರ ಸೊಗಸಾಗಿತ್ತು. ಅಡುಗೆಯವನನ್ನು ಹೊಗಳಿದೆ. "ಹಾಲು ಅಂಗದೆ ಸಾ. ಅಗೋ, ಆ ಹಸಿರು ಟ್ಯಾಂಕಿನ ಮನೇದು," ಎಂದ. ಬೀಗರ ಹಾಲು ಕುಡಿಯುತ್ತ ಬೀಗರಿಂದಲೇ ಬಚ್ಚಿಟ್ಟುಕೊಂಡ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಸುನಂದ ಎರಡನೇ ಲೋಟ ಕೇಳಿ ಪಡೆದಳು.

ಮಾರನೆಯ ಬೆಳಿಗ್ಗೆ ಆರೂವರೆಗೆ 'ಮೌನ ನಡಿಗೆ'. ಯಾರೂ ಮಾತಾಡಬಾರದು, ಕಾಡಿನ ಸದ್ದನ್ನಷ್ಟೇ ಕೇಳಬೇಕು. ಕೆರೆಯ ಹಿಂದಿನ ಕುರುಚಲಿನಲ್ಲಿ ಹನ್ನೆರಡು ಜನ ಸಾಲಾಗಿ ನಡೆದೆವು. ಅಷ್ಟರಲ್ಲಿ ದೂರದಿಂದ ಒಂದು ಗಂಭೀರವಾದ ನರಳಾಟ ಕೇಳಿತು. ಪ್ರೀತಮ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. "ಅಲಾರ್ಮ್ ಕಾಲ್," ಎಂದು ಪಿಸುಗುಟ್ಟಿದ, "ಕಡವೆ ಇರಬೇಕು. ಹತ್ತಿರದಲ್ಲೇ ಚಿರತೆ ಓಡಾಡ್ತಿದೆ." ಬೆಂಗಳೂರಿನ ಹೆಂಗಸೊಬ್ಬರು ಗಂಡನ ತೋಳು ಹಿಡಿದುಕೊಂಡರು. ನನಗೆ ರೇಗಿತು. ಅದು ಕಡವೆಯಲ್ಲ, ಚೊಚ್ಚಲ ಹೆರಿಗೆಯ ಹಸು. ತಿಣುಕಿ ತಿಣುಕಿ ಸೋತಿದೆ, ಕರು ಸಿಕ್ಕಿಕೊಂಡಿದೆ. ಹೇಳೋಣ ಎಂದರೆ ಮೌನ ನಡಿಗೆ.

ಆಗ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹನ್ನೊಂದು ಜನರೂ ನನ್ನತ್ತ ತಿರುಗಿ ಕೆಕ್ಕರಿಸಿದರು. ಬೀಗರು.

"ಬೀಗ್ರೇ, ಎಲ್ಲಿದ್ದೀರಿ?"

"ಮನೇಲಿ," ಎಂದು ಪಿಸುಗುಟ್ಟಿದೆ, "ಪಾಂಡವಪುರದಲ್ಲಿ."

"ಪಡ್ಡೆ ಹಸ ಒದ್ದಾಡ್ತಾ ಅದೆ ಬೀಗ್ರೇ. ಬೆಳಗಿನ ಜಾವದಿಂದ ತಿಣುಕ್ತಾ ಅದೆ. ಎರಡು ಕಾಲು ಕಾಣ್ತಾವೆ, ತಲೆ ಬತ್ತಾ ಇಲ್ಲ. ಡಾಕ್ಟ್ರು ಯಾರದೋ ಮದುವೆಗೋಗವ್ರಂತೆ. ನನ್ ಕೈಕಾಲೇ ಆಡ್ತಿಲ್ಲ."

ಅವರು ಮಾತಾಡುತ್ತಿದ್ದಾಗ ಹಸು ಮತ್ತೊಮ್ಮೆ ನರಳಿತು. ಒಂದು ಕಿವಿಗೆ ಫೋನಿನಿಂದ ಕೇಳಿತು, ಇನ್ನೊಂದು ಕಿವಿಗೆ ಏರಿಯಾಚೆಯಿಂದ ನೇರವಾಗಿ ಕೇಳಿತು. ಎರಡೂ ಒಂದೇ ಹಸು. "ಬರ್ತೀನಿ, ಹಗ್ಗ ಎಣ್ಣೆ ರೆಡಿ ಮಾಡಿ," ಎಂದು ಫೋನಿಟ್ಟೆ.

ಈಗ ನನ್ನ ಸ್ಥಿತಿ ನೋಡಿ. ಹತ್ತು ನಿಮಿಷದಲ್ಲಿ ಹೋದರೆ ಸಿಕ್ಕಿಬಿದ್ದೆ. ಪಾಂಡವಪುರದಿಂದ ಬಂದವನಂತೆ ಒಂದು ಗಂಟೆ ಕಳೆದು ಹೋದರೆ ಕರು ಉಳಿಯುವುದಿಲ್ಲ, ಹಸುವಿನ ಮೇಲೂ ಭರವಸೆಯಿಲ್ಲ. ಆ ಪಡ್ಡೆಯನ್ನು ಕರುವಾಗಿದ್ದಾಗಲೇ ಆರಿಸಿ ಅವರಿಗೆ ಕೊಡಿಸಿದವನೂ ನಾನೇ. ಇಷ್ಟು ಗೊತ್ತಿದ್ದೂ ನಾನು ಒಂದು ಬಂಡೆಯ ಮೇಲೆ ಐದು ನಿಮಿಷ ಕುಳಿತೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಕುಳಿತದ್ದು ನಿಜ. ಐದು ನಿಮಿಷ ತಡವಾದರೆ ಎಷ್ಟು ದೂರದಿಂದ ಬಂದಂತೆ ಕಾಣಬಹುದು ಎಂದು ಯೋಚಿಸುತ್ತಿದ್ದೆ. ಹಸು ಮತ್ತೆ ನರಳಿತು, ಈ ಸಲ ದನಿ ಸಣ್ಣಗಾಗಿತ್ತು. ಸುನಂದ ಹತ್ತಿರ ಬಂದು, "ಇನ್ನೂ ಕೂತಿದ್ದೀರಲ್ರೀ, ಹೋಗಿ!" ಎಂದು ಮೌನ ನಡಿಗೆಯ ಮಧ್ಯೆ ಕಿರುಚಿದಳು. ಎದ್ದವನು ಏರಿಯ ಮೇಲೆ ಓಡಿದೆ. ಅರವತ್ತು ದಾಟಿದ ಮೇಲೆ ಓಡಿದ್ದು ಅದೇ ಮೊದಲು.

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಬೀಗರು ನನ್ನನ್ನು ನೋಡಿ, "ಅಯ್ಯೋ ಬಂದ್ಬುಟ್ರಾ! ಈಗ ತಾನೆ ಫೋನಿಟ್ಟೆ," ಎಂದರು. ಗಾಬರಿಯಲ್ಲಿ ಅವರಿಗೆ ಹೆಚ್ಚು ಹೊಳೆಯಲಿಲ್ಲ. ನಾನೂ ಹೊಳೆಯಲು ಬಿಡದೆ ಅಂಗಿ ಬಿಚ್ಚಿದೆ. ಬಿಸಿನೀರು, ಸೋಪು, ಕೊಬ್ಬರಿ ಎಣ್ಣೆ ಎಲ್ಲ ಬಂತು. ಎಣ್ಣೆ ಹಚ್ಚಿಕೊಳ್ಳಲು ಬಲಗೈ ಚಾಚಿದೆ. ಕಿತ್ತಳೆ ಪಟ್ಟಿ ಫಳಫಳ ಹೊಳೆಯಿತು. ಅದರ ಅಂಚು ಹರಿತ, ಅದನ್ನಿಟ್ಟುಕೊಂಡು ಒಳಗೆ ಕೈ ಹಾಕಿದರೆ ಗರ್ಭಕೋಶ ಹರಿದೀತು. ಎಳೆದೆ, ಕಚ್ಚಿದೆ, ಬರಲಿಲ್ಲ. ಬೀಗಿತ್ತಿ ಜಯಮ್ಮನವರು ಒಳಗಿನಿಂದ ಕುಡುಗೋಲು ತಂದು, ನನ್ನ ಕೈ ಹಿಡಿದು, ಪಟ್ಟಿ ಕತ್ತರಿಸಿದರು. ಆಮೇಲೆ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಓದಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕರುವಿನ ತಲೆ ಪಕ್ಕಕ್ಕೆ ಮಡಚಿಕೊಂಡಿತ್ತು. ತಿಣುಕು ನಿಂತಾಗ ಹಿಂದಕ್ಕೆ ತಳ್ಳಬೇಕು, ಮೂತಿ ಹಿಡಿದು ತಿರುಗಿಸಬೇಕು. ಅಷ್ಟರಲ್ಲಿ ಮತ್ತೆ ತಿಣುಕು, ತೋಳು ಪುಡಿಯಾದಂತಾಗುತ್ತದೆ. ಮೂರು ಸಲ ಜಾರಿತು, ನಾಲ್ಕನೆಯ ಸಲ ತಿರುಗಿತು. ಹಗ್ಗ ಹಾಕಿ ಬೀಗರು ನಾನು ಇಬ್ಬರೂ ಎಳೆದೆವು. ದೊಪ್ಪನೆ ಬಿತ್ತು. ಉಸಿರಿಲ್ಲ. ಮೂಗಿನ ಲೋಳೆ ತೆಗೆದು, ಹುಲ್ಲುಕಡ್ಡಿಯಿಂದ ಮೂಗು ಕೆದಕಿ, ಎದೆ ತಿಕ್ಕಿದೆ. ಆ ಐದು ನಿಮಿಷ ನನ್ನ ಕಣ್ಣ ಮುಂದೆಯೇ ಇತ್ತು. ಇದು ಹೋದರೆ ನಾನೇ ಕೊಂದಂತೆ ಎನ್ನಿಸಿ ಇನ್ನೂ ಜೋರಾಗಿ ತಿಕ್ಕಿದೆ. ಕರು ಸೀನಿತು. ಹೆಣ್ಣುಗರು. ಬೀಗರು ನನ್ನನ್ನು ಲೋಳೆಯ ಸಮೇತ ತಬ್ಬಿಕೊಂಡು ಅತ್ತುಬಿಟ್ಟರು. ನಾನೂ ಅತ್ತೆ.

ಅತ್ತು ಮುಗಿಯುವಷ್ಟರಲ್ಲಿ ಪ್ರೀತಮ್ ತನ್ನ ಹತ್ತು ಪ್ರವಾಸಿಗಳ ಜೊತೆ ಅಂಗಳಕ್ಕೆ ಬಂದ. "ನಮ್ಮ ಕಾಟೇಜ್ ನಂಬರ್ ಫೋರ್ ಗೆಸ್ಟು ಇಲ್ಲಿ ಬಂದ್ರಾ?" ಎಂದು ಕೇಳಿದವನು ಕರು ನೋಡಿ ಕುಣಿದಾಡಿಬಿಟ್ಟ. ಎಲ್ಲರೂ ಫೋಟೋ ತೆಗೆದರು. ಎಲ್ಲರ ಹಿಂದೆ ಖಾಕಿ ಟೋಪಿ ಹಾಕಿಕೊಂಡು ಸುನಂದ ನಿಂತಿದ್ದಳು. ಜಯಮ್ಮನವರು ಅವಳ ಕೈಗೆ ನೀರಿನ ಚೆಂಬು ಕೊಟ್ಟು, "ಬನ್ನಿ ಬೀಗ್ತಿ. ಬಾಳ ದೂರದಿಂದ ಬಂದ್ರೇನೋ, ದಣಿದಿದ್ದೀರಿ," ಎಂದರು. ಅಷ್ಟೇ. ಬೈಯಲಿಲ್ಲ, ಕೇಳಲಿಲ್ಲ. ಮುದ್ದೆ, ಕೋಳಿಸಾರು ಮಾಡಿ ಬಡಿಸಿದರು, ಪ್ರೀತಮನಿಗೂ. ಮಗಳಿಗೂ ಏನೂ ಹೇಳಲಿಲ್ಲವಂತೆ. ನಾನು ಗೆದ್ದೆ ಎಂದುಕೊಂಡೆ.

ತಿಂಗಳ ಮೇಲೆ ಕರು ನೋಡಲು ಹೋದಾಗಲೇ ತಿಳಿದದ್ದು. ಆ ಮನೆಯಲ್ಲಿ ದನಗಳಿಗೆ ಹುಟ್ಟಿದ ಸಂದರ್ಭ ನೋಡಿ ಹೆಸರಿಡುವ ರೂಢಿ. ಶಿವರಾತ್ರಿಯಲ್ಲಿ ಹುಟ್ಟಿದ್ದು ಗಿರಿಜೆ, ಚುನಾವಣೆಯ ದಿನ ಹುಟ್ಟಿದ್ದು ಓಟಮ್ಮ. ಈ ಕರುವಿನ ಹೆಸರು ಲಾಡ್ಜು. ಊರಿಗೆ ಊರೇ ಹಾಗೆ ಕರೆಯುತ್ತದೆ. ಯಾಕೆ ಈ ಹೆಸರು ಎಂದು ಕೇಳಿದವರಿಗೆಲ್ಲ ಕಥೆ ಹೇಳಬೇಕು, ಹೇಳುತ್ತಾರೆ. ಹಸು ಹದಿನೈದು ವರ್ಷ ಬಾಳುತ್ತದೆ, ಸಾಕುವ ಕೈ ಚೆನ್ನಾಗಿದ್ದರೆ ಇನ್ನೂ ಹೆಚ್ಚು. ಜಯಮ್ಮನವರ ಕೈ ಚೆನ್ನಾಗಿದೆ.

ಮೊನ್ನೆ ಲಸಿಕೆ ಹಾಕಿದ ಮೇಲೆ ಬೀಗರು ಕರುವಿನ ಆರೋಗ್ಯದ ಕಾರ್ಡು ತಂದು ಮುಂದಿಟ್ಟರು. "ನಿಮ್ಮ ಅಕ್ಸರ ಚೆಂದ ಬೀಗ್ರೇ, ನೀವೇ ಬರೀರಿ," ಎಂದರು. ತಳಿ ಬರೆದೆ, ಬಣ್ಣ ಬರೆದೆ, ಹುಟ್ಟಿದ ದಿನ ಬರೆದೆ. ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಜಯಮ್ಮನವರು, "ಯಾಕ್ ಬೀಗ್ರೇ, ಮರ್ತೋಯ್ತಾ?" ಎಂದರು, ಬಹಳ ಮರ್ಯಾದೆಯಿಂದ. ನಾನು ಕನ್ನಡಕ ಸರಿ ಮಾಡಿಕೊಂಡು, ನನ್ನ ಕೈಯಾರೆ, ದುಂಡಗೆ 'ಲಾಡ್ಜು' ಎಂದು ಬರೆದು ಕೆಳಗೆ ಸಹಿ ಹಾಕಿದೆ.