ಪ್ರಧಾನಿಗೆ ಮಾರ್ಕ್ಸ್ ಹಾಕಿದ ವಾರ

ನಾನು ಓದಲು ಕೂತಾಗಲೆಲ್ಲ ಕಷ್ಟ ಬೇರೆಯವರಿಗೆ ಬರುತ್ತೆ. ತೊಂಬತ್ತರ ದಶಕ, ಸಿಡ್ನಿ, ನಾನು ಇಯರ್ ಇಲೆವೆನ್, ಅಂದರೆ ಹನ್ನೊಂದನೇ ಕ್ಲಾಸು. ಎರಡನೇ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಪ್ರಧಾನಿಯೊಬ್ಬರು, ಗಲಾಟೆ ಬೇಡ ಅಂತ ಜರ್ಮನಿಯ ಸರ್ವಾಧಿಕಾರಿಗೆ ಬೇರೊಂದು ದೇಶದ ಜಾಗ ಬಿಟ್ಟುಕೊಡಲು ಒಪ್ಪಿದ್ದರು. ಅವರ ನಾಯಕತ್ವ ಹೇಗಿತ್ತು ಅಂತ ನಾನು ಕ್ಲಾಸಿನ ಮುಂದೆ ನಿಂತು ಹೇಳಬೇಕಿತ್ತು. ಹಿಸ್ಟರಿಯಲ್ಲಿ ಮತ್ತೆ ಫೇಲಾದರೆ ಕ್ರಿಕೆಟ್ ಬಂದ್ ಅಂತ ಅಪ್ಪ ಹೇಳಿಯಾಗಿತ್ತು.

ಅಪ್ಪ

ಮೊದಲು ಅಪ್ಪನನ್ನೇ ಕೇಳಿದೆ. ಅಪ್ಪ ಮೈಸೂರಿನ ಇಂಜಿನಿಯರ್. ಕಥೆಯೆಲ್ಲ ಕೇಳಿ, ಪ್ರಧಾನಿ ಏನು ಓದಿದ್ದ ಅಂದರು. ವ್ಯಾಪಾರ ಮಾಡ್ಕೊಂಡಿದ್ದರಂತೆ ಅಂದೆ.

"ಇಂಜಿನಿಯರ್ ಅಲ್ವಾ?"

"ಅಲ್ಲಪ್ಪ."

"ಮತ್ತೆ!" ಅಂತ ಪೇಪರ್ ಓದಲು ಶುರು ಮಾಡಿದರು.

ಅಧ್ಯಕ್ಷ ಅಂಕಲ್

ಭಾನುವಾರ ಕನ್ನಡ ಸಂಘದ ಕಾರ್ಯಕ್ರಮ. ನಾಯಕ ಅಂದರೆ ಎಲ್ಲರನ್ನೂ ಸಮಾಧಾನ ಮಾಡಬೇಕು, ಆ ಪ್ರಧಾನಿ ಮಾಡಿದ್ದೇ ಸರಿ ಅಂತ ಅಧ್ಯಕ್ಷ ಅಂಕಲ್ ನನಗೆ ತಿಳಿಹೇಳಿದರು. ಅಷ್ಟರಲ್ಲಿ ವಂದನಾರ್ಪಣೆ ಯಾರು ಮಾಡಬೇಕು ಅಂತ ಇಬ್ಬರು ಆಂಟಿಯರಿಗೆ ಜಗಳ ಹತ್ತಿತು. ಅಂಕಲ್ ಇಬ್ಬರಿಗೂ ಹೂಂ ಅಂದುಬಿಟ್ಟರು. ಇಬ್ಬರೂ ವಂದಿಸಿ ಮುಗಿಸುವಷ್ಟರಲ್ಲಿ ಹಾಲ್ ಖಾಲಿ ಮಾಡುವ ಹೊತ್ತಾಯಿತು. ಮುಖ್ಯ ಅತಿಥಿಗಳು ಮಾತಾಡಲೇ ಇಲ್ಲ. ಆದರೆ ಅವರ ಅಮೂಲ್ಯವಾದ ಮಾತುಗಳಿಗೆ ಇಬ್ಬರೂ ಥ್ಯಾಂಕ್ಸ್ ಹೇಳಿದ್ದರು.

ಚಕ್ಕುಲಿ

ಸೋಮವಾರ ಕ್ಲಾಸಿಗೆ ಅಮ್ಮ ಮಾಡಿದ್ದ ಚಕ್ಕುಲಿ ಡಬ್ಬಿ ತಗೊಂಡು ಹೋದೆ. ಎಲ್ಲರಿಗಿಂತ ದಪ್ಪಗಿದ್ದ ಹುಡುಗನನ್ನು ಜರ್ಮನಿ ಮಾಡಿ, ಇದೊಂದು ತಿಂದು ಸುಮ್ಮನೆ ಕೂತ್ಕೋ ಅಂತ ಒಂದು ಚಕ್ಕುಲಿ ಕೊಟ್ಟೆ. ತಿಂದ. ಎದ್ದು ಬಂದ. ಇನ್ನೊಂದು ಕೊಟ್ಟೆ. ಮತ್ತೆ ಬಂದ. ಡಬ್ಬಿ ಖಾಲಿಯಾದ ಮೇಲೆ ನನ್ನ ಸ್ಯಾಂಡ್‌ವಿಚ್‌ಗೆ ಕೈ ಹಾಕಿದ. ನಾನು ತಡೆದೆ. ಯುದ್ಧ ಶುರುವಾಯಿತು. ಇಬ್ಬರೂ ಬೆಂಚಿನ ಕೆಳಗೆ.

ಟೀಚರ್ ನಮ್ಮನ್ನು ಬಿಡಿಸಿ, ಹಾಗಾದರೆ ಪ್ರಧಾನಿ ಬಗ್ಗೆ ನಿನ್ನ ಅಭಿಪ್ರಾಯ ಏನು ಅಂದರು.

"ಧಾರಾಳ ಮನಸ್ಸು ಮಿಸ್. ಆದರೆ ಡಬ್ಬಿ ಅವರದಲ್ಲ."

ಪಾಸ್ ಮಾಡಿದರು. ಕ್ರಿಕೆಟ್ ಉಳಿಯಿತು.

ನನ್ನ ಡಬ್ಬಿಯೂ ನನ್ನದಲ್ಲ. ಪಕ್ಕದ ಬೀದಿ ಆಂಟಿಗೆ ಅಂತ ಮಾಡಿಟ್ಟಿದ್ದು. ಬೈಗುಳಕ್ಕೆ ರೆಡಿಯಾಗಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ: ಆ ಹುಡುಗನಿಗೆ ಇಷ್ಟ ಆಯ್ತಾ?

ಮಾರನೇ ದಿನ ಟೇಬಲ್ ಮೇಲೆ ಮೂರು ಡಬ್ಬಿ ಇದ್ದವು. ಒಂದು ಆಂಟಿಗೆ, ಒಂದು ಜರ್ಮನಿಗೆ. ಮೂರನೇದು ಯಾರಿಗಮ್ಮ ಅಂದೆ.

"ಅವನು ಇನ್ನೂ ಬೇಕು ಅಂದರೆ?"