ಅವರಿಗೇನು, ಹೆಂಡ್ರಾ ಮಕ್ಳಾ!

ಐವತ್ತು ಜನರನ್ನು ಒಂದೇ ಬಸ್ಸಿಗೆ ತುಂಬಿ ರಾಮೇಶ್ವರಕ್ಕೆ ಹೊರಡಿಸಿ ನೋಡಿ, ನಗುವಂಥದ್ದು ಏನಾದರೊಂದು ಆಗದೆ ಬಸ್ಸು ವಾಪಸ್ ಬರುವುದೇ ಇಲ್ಲ. ಟೈರು ಪಂಕ್ಚರ್ ಆಗದೆ ಬಂದದ್ದುಂಟು, ನಗಿಸದೆ ಬಂದದ್ದಿಲ್ಲ.

ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನವರೆಗೆ ನಾನು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದೆ. ವರ್ಷಕ್ಕೊಮ್ಮೆ ಕಡಲೆಕಾಯಿ ಮಾರಿ ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ಒಂದು ಬಸ್ಸು ಬಾಡಿಗೆಗೆ ಹಿಡಿದು, ಸಿರಾ, ಕೊರಟಗೆರೆ, ಪಾವಗಡದವರನ್ನೂ ಸೇರಿಸಿಕೊಂಡು ಟೂರ್ ಹೊರಡಿಸುತ್ತಿದ್ದೆ. ಅಡುಗೆಯವನು, ಸ್ಟವ್ವು, ಅಕ್ಕಿ ಮೂಟೆ ಎಲ್ಲ ಬಸ್ಸಿನಲ್ಲೇ. ದೇವರು ಮಾತ್ರ ಅಲ್ಲಲ್ಲಿ ಇಳಿದು ನೋಡಬೇಕಾದದ್ದು.

ಅಳಿಯನೂ ಬಸ್ಸೂ

ನಾನು ಬೋರ್ಡು ತೂಗಿಹಾಕಿದ ದಿನವೇ ಬಂದು ಅಡ್ವಾನ್ಸ್ ಕೊಡುತ್ತಿದ್ದವರು ಇಬ್ಬರು: ಕೋಟೆ ಕೆಳಗಿನ ಬೀದಿಯ ಟೈಲರ್ ಮತ್ತು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಇಬ್ಬರದೂ ಒಂದೇ ಮನೆ, ಒಂದೇ ಅಡುಗೆ, ಒಂದೇ ಸೈಕಲ್ಲು. ಇಬ್ಬರಿಗೂ ಮದುವೆ ಇಲ್ಲ. ಸುತ್ತಿ ಬಳಸಿ ಹೇಳುವುದೇಕೆ, ಗಂಡ ಹೆಂಡಿರ ಹಾಗೇ ಇದ್ದರು. ನಾನು ಕಂಡ ಎಷ್ಟೋ ಗಂಡ ಹೆಂಡಿರಿಗಿಂತ ಮೇಲು. ಈಗ ಪೇಪರಿನಲ್ಲಿ ಸಲಿಂಗಿಗಳು ಅಂತ ಬರೆಯುತ್ತಾರೆ. ಆಗ ನಮ್ಮೂರಲ್ಲಿ ಅದಕ್ಕೆ ಇದ್ದದ್ದು ಬೈಗುಳ ಮಾತ್ರ. ಅದನ್ನೂ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಎಲ್ಲರ ಮನೆ ಮದುವೆಯ ರವಿಕೆಗಳೂ ಅವನ ಮಿಷನ್ನಿನ ಕೆಳಗೇ ಬರಬೇಕಿತ್ತಲ್ಲ!

ಊರಿನ ಹೊಟ್ಟೆಯುರಿ ಬೇರೆ ಕಡೆ ಇತ್ತು. ಇವರು ಪ್ರತಿ ವರ್ಷ ಟೂರ್ ಹೋಗುತ್ತಾರೆ, ಹೋದಲ್ಲಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾರೆ, ಹೊಸ ಫ್ಲಾಸ್ಕು ಕೊಳ್ಳುತ್ತಾರೆ. "ಅವರಿಗೇನು, ಹೆಂಡ್ರಾ ಮಕ್ಳಾ!" ಅಂತ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಒಂದು ಸಲ ನಿಟ್ಟುಸಿರು ಬಿಟ್ಟೇ ಬೀಡಿ ಹಚ್ಚುತ್ತಿದ್ದರು.

ಒಂದು ವರ್ಷ ಪಾವಗಡದ ಎಣ್ಣೆ ಮಿಲ್ಲಿನ ಸಾವ್ಕಾರರು ಬಂದಿದ್ದರು. ಐದು ಜನ ಹೆಣ್ಣುಮಕ್ಕಳ ತಂದೆ; ನಾಲ್ವರ ಮದುವೆ ಮಾಡಿ ಐದನೆಯವಳಿಗೆ ಗಂಡು ಹುಡುಕುತ್ತಿದ್ದರು. ಬಸ್ಸು ತುಮಕೂರು ದಾಟಿರಲಿಲ್ಲ, ಶುರು ಮಾಡಿದರು.

"ಏಮಪ್ಪಾ ಟೈಲರೂ, ವರ್ಷಾ ವರ್ಷಾ ಹಿಂಗೆ ತಿರುಗ್ತೀಯಲ್ಲ, ಡಬ್ಬು ಎಲ್ಲಿಂದ ಬರ್ತದೆ ನಿಂಗೆ?"

ಟೈಲರ್ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದ: "ನೀವು ಅಳಿಯಂದ್ರಿಗೆ ಕೊಡ್ತೀರಿ, ನಾವು ಬಸ್ಸಿಗೆ ಕೊಡ್ತೀವಿ, ಅಷ್ಟೇ ಸಾವ್ಕಾರ್ರೇ."

"ಅದೂ ಇದೂ ಒಂದೇನಾ?"

"ಎಲ್ಲಿ ಒಂದು ಬುಡಿ! ಬಸ್ಸು ಕೆಟ್ಟು ನಿಂತ್ರೆ ಇಳ್ದು ತಳ್ಬೋದು. ಅಳಿಯ ಮುನಿಸ್ಕೊಂಡು ನಿಂತ್ರೆ ತಳ್ಳಕ್ಕಾಯ್ತದಾ?"

ಸಾವ್ಕಾರರು ಸೇಲಂವರೆಗೂ ಬೆರಳು ಮಡಿಸಿ ಅಳಿಯಂದಿರನ್ನು ಎಣಿಸುತ್ತ ಕೂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮೂರನೇ ಅಳಿಯನನ್ನು ಮಾತ್ರ ಯಾವ ಗೇರಿನಲ್ಲೂ ತಳ್ಳೋಕಾಗಲ್ಲ ಅಂತ ಒಪ್ಪಿಕೊಂಡರು.

ಗಂಡಂದಿರ ದೂರು

ಮಧುರೈಯಲ್ಲಿ ದೇವರ ದರ್ಶನಕ್ಕಿಂತ ಸೀರೆ ಅಂಗಡಿ ದರ್ಶನ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ನಮ್ಮ ಹೆಂಗಸರು ಅಲ್ಲಿ ಟೈಲರ್‌ನನ್ನು ಬಿಟ್ಟು ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅವನು ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ "ಇದು ಎರಡು ಒಗೆತಕ್ಕೆ ಸತ್ತೋಯ್ತದೆ ಕಣಮ್ಮ, ಅದ್ನ ತಗೊ" ಅಂದರೆ ಮುಗಿಯಿತು. ತನ್ನ ದುಡ್ಡಿನಲ್ಲಿ ಮೇಷ್ಟ್ರಿಗೆ ಒಂದು ಒಳ್ಳೇ ಶರ್ಟ್ ಪೀಸು ಕೊಳ್ಳುವುದೂ ತಪ್ಪುತ್ತಿರಲಿಲ್ಲ.

ಸಂಜೆ ಐದಾರು ಗಂಡಂದಿರು ಗುಂಪು ಕಟ್ಟಿಕೊಂಡು ನನ್ನ ಹತ್ತಿರ ಬಂದರು. "ನಾಳೆಯಿಂದ ಆ ಟೈಲರ್‌ನ ನಮ್ಮ ಹೆಂಗಸರ ಜೊತೆ ಕಳಿಸ್ಬೇಡ" ಅಂದರು.

ನಾನು ಗಾಬರಿಯಾದೆ. "ಯಾಕ್ರಪ್ಪಾ, ಏನಾದ್ರೂ ತಪ್ಪಾಗಿ ನಡ್ಕೊಂಡ್ನಾ?"

"ಥೂ, ಆ ವಿಚಾರದಾಗೆ ಅವನಷ್ಟು ನಂಬಿಕಸ್ತ ಇನ್ನೊಬ್ಬ ಇಲ್ಲ ಕಣಯ್ಯಾ" ಅಂದ ಒಬ್ಬ. "ಮೊದ್ಲು ಕಂಡಕಂಡ ಸೀರೆ ತೋರ್ಸಿ 'ಕಳಪೆ ಮಾಲು, ಬಾ ಹೋಗೋಣ' ಅಂತ ಎಳ್ಕೊಂಡು ಬರ್ತಿದ್ವಿ. ಈಗ ಯಾವ್ದು ಕಳಪೆ ಯಾವ್ದು ಒಳ್ಳೇದು ಅಂತ ಅವ್ರಿಗೇ ಗೊತ್ತಾಗ್ಬುಡ್ತು!"

ಪೂರ್ತಿ ಕಾಫಿ

ನಮ್ಮ ಬಸ್ಸಿನ ಇನ್ನೊಂದು ಕಾಯಂ ಜೋಡಿ ಕೊರಟಗೆರೆ ಕಡೆಯ ನರ್ಸಮ್ಮ ಮತ್ತು ಟೀಚರಮ್ಮ. ಆಸ್ಪತ್ರೆಯಲ್ಲೊಬ್ಬರು, ಸ್ಕೂಲಿನಲ್ಲೊಬ್ಬರು, ಇಬ್ಬರಿಗೂ ಸಂಬಳ. ಇವರದೂ ಒಂದೇ ಮನೆ, ಟೈಲರ್ ಮನೆಯ ಕತೆಯೇ. ಊರು ಮಾತ್ರ "ಪಾಪ, ಒಬ್ರಿಗೊಬ್ರು ಜೊತೆ" ಅಂತ ಹೇಳಿ ಸುಮ್ಮನಾಗುತ್ತಿತ್ತು. ಗಂಡಸರಿಬ್ಬರಿಗೆ ಹೊಟ್ಟೆಯುರಿ, ಹೆಂಗಸರಿಬ್ಬರಿಗೆ ಪಾಪ. ನಮ್ಮ ಜನರ ಲೆಕ್ಕವೇ ಹಾಗೆ.

ನಮ್ಮ ಬಸ್ಸಿನಲ್ಲಿ ಕಾಫಿಗೆ ಒಂದು ಪದ್ಧತಿ ಇತ್ತು. ಸಂಸಾರಸ್ಥರು ಒಂದು ಕಾಫಿ ತಗೊಂಡು ಗಂಡ ಅರ್ಧ, ಹೆಂಡತಿ ಅರ್ಧ. ಮಕ್ಕಳಿದ್ದರೆ ಆ ಅರ್ಧದಲ್ಲೂ ಅರ್ಧ. ನರ್ಸಮ್ಮ ಟೀಚರಮ್ಮ ಮಾತ್ರ ಇಬ್ಬರಿಗೂ ಒಂದೊಂದು ಪೂರ್ತಿ ತರಿಸುತ್ತಿದ್ದರು. ಪುರವರ ಅನ್ನುವ ಹಳ್ಳಿಯ ಒಬ್ಬ ಅಜ್ಜಿ ಇದನ್ನು ನೋಡಿ ಕಣ್ಣು ಬಾಯಿ ಬಿಟ್ಟಿತು.

"ಒಬ್ಬೊಬ್ರಿಗೆ ಒಂದೊಂದ್ ಕಾಫಿನಾ ನನ್ ತಾಯಿ! ನೀವೇನ್ ಸಿರಿವಂತ್ರ ಮನೇರಾ?"

"ಇಲ್ಲ ಅಜ್ಜಿ, ಕೇಳೋರಿಲ್ಲ, ಅದಕ್ಕೆ" ಅಂದರು ಟೀಚರಮ್ಮ.

ನರ್ಸಮ್ಮ ಅಜ್ಜಿಗೂ ಒಂದು ಪೂರ್ತಿ ಕಾಫಿ ತರಿಸಿ ಕೈಗಿಟ್ಟರು. ಅಜ್ಜಿ ಖುಷಿಯಿಂದ ತಗೊಂಡು, ಲೋಟದಿಂದ ಬಟ್ಟಲಿಗೆ ಅರ್ಧ ಬಗ್ಗಿಸಿ, ಅಭ್ಯಾಸಬಲದಿಂದ ಆ ಕಡೆ ಈ ಕಡೆ ಯಾರಿಗೆ ಕೊಡಲಿ ಅಂತ ನೋಡಿತು. ಯಾರೂ ಇರಲಿಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು.  ಅಜ್ಜಿ ಎರಡನ್ನೂ ಒಂದಾದ ಮೇಲೊಂದು ಕುಡಿದು, ಬಾಯಿ ಒರೆಸಿಕೊಂಡು ಹೇಳಿತು: "ಆ ಮುದುಕ ಅಷ್ಟು ವರ್ಷ ನನ್ ಪಾಲಿಂದು ಕುಡೀತಿದ್ದ ಅಂತ ಇವತ್ತು ಗೊತ್ತಾಯ್ತು!"

ಬಾಗಿಲಿರುವ ರೂಮು

ಈಗ ಮುಖ್ಯವಾದ ಕತೆಗೆ ಬರುತ್ತೇನೆ. ಒಂದು ವರ್ಷ ಟೈಲರ್ ಒಬ್ಬನೇ ಬಂದ. ಮುಖ ಸಪ್ಪಗಿತ್ತು.

"ಈ ಸಲ ನಾಲ್ಕು ಸೀಟು ಹಿಡ್ಕೊ. ನಮ್ಮಿಬ್ರದು, ಮೇಷ್ಟ್ರ ಅಣ್ಣ ಅತ್ತಿಗೇದು. ಅವರದ್ದೂ ಮೇಷ್ಟ್ರೇ ಕೊಡ್ತಾರೆ."

ಮೇಷ್ಟ್ರ ಅಣ್ಣನಿಗೆ ಸಿರಾದಲ್ಲಿ ಗೊಬ್ಬರದ ಅಂಗಡಿ. ಬೀದಿಯಲ್ಲಿ ತಮ್ಮನ ಸುದ್ದಿ ಬಂದಾಗಲೆಲ್ಲ "ಅವನಿಗೇನು, ಹೆಂಡ್ರಾ ಮಕ್ಳಾ!" ಅಂತ ಎಲ್ಲರಿಗಿಂತ ದೊಡ್ಡ ನಿಟ್ಟುಸಿರು ಬಿಡುತ್ತಿದ್ದವನು ಅವನೇ. ಕಡೆಗೆ ಆ ಕೊರತೆ ನೀಗಿಸಿಯೇ ಬಿಡುತ್ತೇನೆ ಅಂತ ಕಳ್ಳಂಬೆಳ್ಳದಲ್ಲಿ ಒಂದು ಹೆಣ್ಣು ನೋಡಿ, ಮಾತೂ ಆಡಿ ಮುಗಿಸಿದ್ದ. "ಟೂರ್ ಮುಗಿಸಿ ಬಂದು ಹೆಣ್ಣು ನೋಡ್ತೀನಿ, ನೀವೂ ಬನ್ನಿ" ಅಂತ ಮೇಷ್ಟ್ರು ಅಷ್ಟು ದಿನ ಮುಂದೂಡಿದ್ದರು. ಅಣ್ಣನಿಗೆ ಎದುರು ಮಾತಾಡಿ ಗೊತ್ತಿಲ್ಲದ ಮನುಷ್ಯ.

"ಇದೇ ಕೊನೇ ಟ್ರಿಪ್ಪು ಕಣಣ್ಣಾ" ಅಂದ ಟೈಲರ್. "ಇಷ್ಟು ವರ್ಷ ರೂಮಿನ ದುಡ್ಡು ಕೊಟ್ಟು ಜಗಲಿ ಮೇಲೆ ಮಲಗಿದೀವಿ. ರಾಮೇಶ್ವರದಾಗೆ ಒಂದ್ಸಲನಾದ್ರೂ ಸಮುದ್ರ ಕಾಣೋ ರೂಮು ಕೊಡ್ಸು. ಬಾಗ್ಲು ಇರ್ಬೇಕು. ಅಷ್ಟೇ."

ಕೊಡಿಸುತ್ತೇನೆ ಅಂದೆ. ಹೇಗೆ ಅಂತ ನನಗೇ ಗೊತ್ತಿರಲಿಲ್ಲ. ರಾಮೇಶ್ವರದಲ್ಲಿ ನಾವು ಇಳಿಯುತ್ತಿದ್ದದ್ದು ನಮ್ಮ ಸೀಮೆಯವರೇ ನಡೆಸುತ್ತಿದ್ದ ಒಂದು ಛತ್ರದಲ್ಲಿ. ಅಲ್ಲಿ ಮಹಡಿ ರೂಮು ಸಂಸಾರಸ್ಥರಿಗೆ ಮಾತ್ರ. ಒಂಟಿ ಗಂಡಸರು ಜಗಲಿಗೆ, ಅಡುಗೆಯವನ ಗೊರಕೆಯ ಪಕ್ಕಕ್ಕೆ. ಒಂಟಿ ಹೆಂಗಸರು ಮುದುಕಿಯರ ಹಾಲಿಗೆ. ಅಲ್ಲಿ ನರ್ಸಮ್ಮನಿಗೆ ಪ್ರತಿ ವರ್ಷ ಇಪ್ಪತ್ತು ಜನರ ಮಂಡಿ ನೋವು ಕೇಳುವ ಕೆಲಸ ಬೇರೆ.

ಸಂಸಾರಸ್ಥರಾ?

ಆ ವರ್ಷ ಛತ್ರಕ್ಕೆ ಹೊಸದಾಗಿ ಬಂದಿದ್ದ ಮ್ಯಾನೇಜರು ಕನ್ನಡಕ ಏರಿಸಿ ಕೇಳಿದರು, "ಮೇಲೆ ಎರಡು ರೂಮು ಉಳಿದಿವೆ. ಸಂಸಾರಸ್ಥರು ಯಾರು?"

ಟೈಲರ್ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಹಿಂದೆ ನಿಂತಿದ್ದ ನರ್ಸಮ್ಮ ಟೈಲರ್, ಮೇಷ್ಟ್ರು, ಟೀಚರಮ್ಮ ಮೂವರ ಕಡೆಗೂ ಒಂದು ಸಲ ಕಣ್ಣಾಡಿಸಿ, ಸೆರಗು ಭುಜದ ಮೇಲೆ ಹೊದ್ದುಕೊಂಡು ಬಂದು ಟೈಲರ್ ಪಕ್ಕ ನಿಂತರು. "ನಾವೇ. ಇವರು ನಮ್ಮ ಯಜಮಾನ್ರು."

ಟೀಚರಮ್ಮನಿಗೆ ಅರ್ಥವಾಯಿತು. ಡ್ರಾಯಿಂಗ್ ಮೇಷ್ಟ್ರ ಪಕ್ಕ ಹೋಗಿ ತಲೆ ಬಗ್ಗಿಸಿದರು. ಮೇಷ್ಟ್ರು ಬೆವರಿದರು.

"ಮಕ್ಕಳೆಷ್ಟು?" ಅಂದರು ಮ್ಯಾನೇಜರು.

"ಎರಡು" ಅಂದ ಟೈಲರ್. ಅದೇ ಉಸಿರಿಗೆ ನರ್ಸಮ್ಮ "ನಾಲ್ಕು" ಅಂದರು.

ನಾನು ಬ್ಯಾಗು ಎತ್ತಿಕೊಂಡು ಬಾಗಿಲ ಕಡೆ ತಿರುಗಿದೆ. ನರ್ಸಮ್ಮ ಮಾತ್ರ ಹಣೆ ಚಚ್ಚಿಕೊಂಡು, "ನೋಡಿ ಸ್ವಾಮಿ, ಮನೇಲಿ ಇದ್ರೆ ತಾನೆ ಗೊತ್ತಾಗೋದು!" ಅಂದರು.

ಮ್ಯಾನೇಜರು ಟೈಲರ್‌ನನ್ನೇ ನೋಡಿ, "ಬೇಜಾರ್ ಮಾಡ್ಕೋಬೇಡಿ, ನಮ್ಮನೇಲೂ ಇದೇ ಮಾತು" ಅಂತ ಎರಡು ಬೀಗದಕೈ ಕೊಟ್ಟರು. ಮಹಡಿ ಹತ್ತಿದ ಮೇಲೆ ಗಂಡಸರಿಬ್ಬರು ಒಂದು ರೂಮಿಗೆ, ಹೆಂಗಸರಿಬ್ಬರು ಇನ್ನೊಂದಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.

ಬಾಗಿಲು ತಟ್ಟಿದ ಅಣ್ಣ

ಆದರೆ ಮೆಟ್ಟಿಲ ಹತ್ತಿರ ಅಣ್ಣ ನಿಂತಿದ್ದ. ಅವನು ನೋಡಿದ್ದು ಅರ್ಧ ಮಾತ್ರ: ತಮ್ಮನೂ ಟೀಚರಮ್ಮನೂ ಒಂದು ಬೀಗದಕೈ ತಗೊಂಡು ಜೊತೆಯಾಗಿ ಮಹಡಿ ಹತ್ತಿದ್ದು. ಸಿಟ್ಟಾಗುತ್ತಾನೆ ಅಂದುಕೊಂಡೆ. ಇಲ್ಲ, ಕುಣಿಯುವುದೊಂದು ಬಾಕಿ! ಹೆಂಡತಿಯ ಹತ್ತಿರ ಓಡಿದ.

"ಲೇ, ಕಳ್ಳ ಕಣೆ ಇವ್ನು! ಕದ್ದು ಮದ್ವೆ ಆಗ್ಬುಟ್ಟವ್ನೆ! ಟೀಚರ್ರು, ಸಂಬಳ ಬೇರೆ! ಇನ್ನು ಕಳ್ಳಂಬೆಳ್ಳದೋರಿಗೆ ಹೆಂಗಾರಾ ಸಮಾಧಾನ ಹೇಳ್ತೀನಿ."

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಹೂವು ಹಣ್ಣು ಹಿಡಿದು ಹೊಸ ಜೋಡಿಗೆ ಆಶೀರ್ವಾದ ಮಾಡಲು ಹೊರಟ. ನಾನು ತಡೆಯಲು ಹಿಂದೆಯೇ ಓಡಿದೆ. ಅಷ್ಟರಲ್ಲಿ ಬಾಗಿಲು ತಟ್ಟಿಯಾಗಿತ್ತು. ಬಾಗಿಲು ತೆಗೆದವನು ಟೈಲರ್. ಹಿಂದೆ ಕಿಟಕಿ, ಕಿಟಕಿಯ ತುಂಬ ಸಮುದ್ರ, ಸಮುದ್ರದ ಚಿತ್ರ ಬರೆಯುತ್ತ ಕೂತ ಮೇಷ್ಟ್ರು.

"ನೀನ್ಯಾಕ್ಲಾ ಇಲ್ಲಿ? ಅವ್ಳೆಲ್ಲಿ?" ಅಂದ ಅಣ್ಣ.

ಮೇಷ್ಟ್ರು ಕುಂಚ ಕೆಳಗಿಟ್ಟರು. ಎದ್ದು ಬಂದು ಟೈಲರ್ ಪಕ್ಕ ನಿಂತರು.  "ಅಣ್ಣ, ನಾನು ಕಳ್ಳಂಬೆಳ್ಳಕ್ಕೆ ಬರಲ್ಲ. ನಂದು ಸಂಸಾರ ಅಂದ್ರೆ ಇದೇ."

ಅಣ್ಣ ಹೂವು ಹಣ್ಣು ಹಿಡಿದು ಹಾಗೇ ನಿಂತ.  ಮೊಣಕಾಲಿಗೆ ನರ್ಸಮ್ಮನ ಹತ್ತಿರ ಎಣ್ಣೆ ಹಚ್ಚಿಸಿಕೊಳ್ಳಲು ಮಹಡಿ ಹತ್ತಿ ಬಂದು, ಪಕ್ಕದ ರೂಮಿನ ಹೊಸ್ತಿಲಲ್ಲಿ ಕೂತಿದ್ದ ಪುರವರದ ಅಜ್ಜಿಯೇ ಬಾಯಿ ತೆರೆಯಿತು.

"ಟೀಚರಮ್ಮ ಇಲ್ಲಿ ಅವ್ರೆ ಕಣಪ್ಪಾ, ನರ್ಸಮ್ಮನ ಜೊತೆ. ಎಲ್ರೂ ಅವರವರ ಜೋಡಿ ಜೊತೆ ನೆಟ್ಟಗವ್ರೆ. ನೀನೊಬ್ನೇ ಹೆಂಡ್ರನ್ನ ರೂಮ್ನಾಗೆ ಬುಟ್ಟು ಕಂಡೋರ ಬಾಗ್ಲು ತಟ್ತಾ ನಿಂತಿರೋದು. ಹೋಗು, ಅವ್ಳಿಗೆ ಆ ಹೂವಾ ಮುಡಿಸು ಹೋಗು!"

ಮತ್ತೆ ಬೋರ್ಡು

ಅಣ್ಣ ಅಲ್ಲಿಂದ ಮಧುಗಿರಿವರೆಗೂ ತಮ್ಮನ ಜೊತೆ ಮಾತಾಡಲಿಲ್ಲ. ಮೇಷ್ಟ್ರು ಊಟ ಬಿಟ್ಟರು. ಟೈಲರ್ ಸುಮ್ಮನೆ ಅವರ ಪಕ್ಕ ಕೂತಿದ್ದ. ನಗಿಸುವ ಬಸ್ಸು ಆ ಸಲ ಸಾವಿನ ಮನೆಯ ಹಾಗಿತ್ತು. ಸೇಲಂ ಹತ್ತಿರ ಅತ್ತಿಗೆ ಮಾತ್ರ ಗಂಡನಿಗೆ ಇಡೀ ಬಸ್ಸಿಗೇ ಕೇಳುವ ಹಾಗೆ ಹೇಳಿದಳು.

"ಮದ್ವೆಯಾಗಿ ಇಷ್ಟು ವರ್ಷಕ್ಕೆ ನೀವು ನನ್ನ ಸಿರಾ ಕೆರೆ ಏರಿ ದಾಟ್ಸಿಲ್ಲ. ಸಮುದ್ರ ತೋರ್ಸಿದ್ದು ನನ್ ಮೈದ. ಒಲೆ ಮುಂದೆ ಕೂರದೆ ಹತ್ತು ದಿನ ಉಂಡಿದ್ದು ಅವನ ದುಡ್ಡಲ್ಲಿ. ಅವನಿಗೊಂದು ಹೆಂಡ್ರು ಮಕ್ಳು ಅಂತ ಗಂಟು ಹಾಕ್ಬುಟ್ರೆ ಅವ್ನೂ ನಿಮ್ಮಂಗೇ ಗೊಬ್ಬರದ ಮೂಟೆ ಮೇಲೆ ಕೂರ್ತಾನೆ. ಮುಂದಿನ ವರ್ಷ ಕಾಶಿಗೆ ಯಾರು ಕರ್ಕೊಂಡೋಯ್ತಾರೆ, ನೀವಾ?"

ಅಣ್ಣ ಟವೆಲ್ ಮುಖಕ್ಕೆ ಹೊದ್ದು ನಿದ್ದೆ ಬಂದವನ ಹಾಗೆ ಒರಗಿದ. ಕಳ್ಳಂಬೆಳ್ಳದ ಮಾತು ಏನಾಯಿತೋ ನಾನು ಕೇಳಲಿಲ್ಲ.

ಮುಂದಿನ ವರ್ಷ ಕಾಶಿಗೆ ಅಂತ ಬೋರ್ಡು ತೂಗಿಹಾಕಿದೆ. ಅವತ್ತು ಟೈಲರ್‌ಗಿಂತ ಮುಂಚೆ ಸಿರಾ ಬಸ್ಸಿನಿಂದ ಇಳಿದು ಬಂದವನು ಅಣ್ಣ. ನನ್ನ ಮುಖ ನೋಡದೆ, ಬೋರ್ಡು ಓದುತ್ತ ಹೇಳಿದ, "ನಾಲ್ಕು ಸೀಟು ಬರ್ಕೊ. ನಂಗೂ ನಮ್ಮೋಳಿಗೂ ಒಂದ್ಕಡೆ. ತಮ್ಮಂಗೂ ಆ ಟೈಲರ್‌ಗೂ ಒಂದ್ಕಡೆ, ಕಿಟಕಿ ಪಕ್ಕ. ಅವರಿಬ್ರನ್ನ ಬೇರೆ ಬೇರೆ ಕೂರಿಸ್ಬೇಡ."

ನಾನು ನಾಲ್ಕು ಸೀಟು ಬರೆದುಕೊಂಡೆ. ಪೆನ್ನು ಕಿವಿಗೆ ಸಿಕ್ಕಿಸಿ ಕೇಳಿದೆ, "ಅಡ್ವಾನ್ಸು?"

ಅಣ್ಣ ಹೆಗಲ ಮೇಲಿನ ಟವೆಲ್ ಒದರಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಹೆಮ್ಮೆಯಿಂದ ಹೇಳಿದ:

"ತಮ್ಮ ಕೊಡ್ತಾನೆ ಕಣಯ್ಯಾ. ಅವನಿಗೇನು, ಹೆಂಡ್ರಾ ಮಕ್ಳಾ!"